ಬಿಲ್ಡ್ ಲಾಗ್‌ನ ಆ ನಾಲ್ಕು ಸಾಲು

2025ರ ಮಾರ್ಚ್‌ನಲ್ಲಿ ಜಾವಾ 24 ಬಂದಾಗಿನಿಂದ, ಮೇವನ್ 3.9 ಸರಣಿಯಲ್ಲಿ ಬಿಲ್ಡ್ ಓಡಿಸಿದ ಅನೇಕರ ಪರದೆಯ ಮೇಲೆ ಕೆಲಸ ಶುರುವಾಗುವ ಮುನ್ನವೇ ನಾಲ್ಕು ಸಾಲು ಮೂಡಿವೆ. ಸನ್.ಮಿಸ್ಕ್.ಅನ್‌ಸೇಫ್ ಕ್ಲಾಸಿನ, ತೆಗೆದುಹಾಕಲೆಂದು ಗುರುತು ಹಾಕಿರುವ ಮೆಥಡ್ ಒಂದನ್ನು ಕರೆಯಲಾಗಿದೆ ಎನ್ನುತ್ತದೆ ಮೊದಲನೆಯದು. ಕರೆದವರು ಯಾರು ಎಂಬುದನ್ನು ಎರಡನೆಯದು ಜಾರ್ ಫೈಲಿನ ಹೆಸರು ಸಮೇತ ಹೇಳುತ್ತದೆ: ಗೈಸ್ 5.1.0. ಈ ಕ್ಲಾಸನ್ನು ನೋಡಿಕೊಳ್ಳುವವರಿಗೆ ವಿಷಯ ತಿಳಿಸುವುದನ್ನು ದಯವಿಟ್ಟು ಪರಿಗಣಿಸಿ ಎಂದು ಕೇಳಿಕೊಳ್ಳುತ್ತದೆ ಮೂರನೆಯದು. ಮುಂದಿನ ಯಾವುದೋ ಆವೃತ್ತಿಯಲ್ಲಿ ಈ ಮೆಥಡ್ ಇರುವುದಿಲ್ಲ ಎನ್ನುತ್ತದೆ ಕೊನೆಯದು. ಆಮೇಲೆ ಬಿಲ್ಡ್ ಎಂದಿನಂತೆ ಮುಗಿಯುತ್ತದೆ, ಸಕ್ಸೆಸ್ ಎಂದು ಬರುತ್ತದೆ, ನೋಡಿದವರು ಮುಂದಿನ ಕೆಲಸಕ್ಕೆ ಹೋಗುತ್ತಾರೆ.

ಮೂರನೆಯ ಸಾಲಿನ ಆ ಕೋರಿಕೆಯನ್ನು ಈಗಲೇ ಕೈಗೆತ್ತಿಕೊಳ್ಳಬೇಕು. ಇನ್ನು ಎರಡು ವರ್ಷ ಬಿಟ್ಟು ಕೈಗೆತ್ತಿಕೊಂಡರೆ ಅದರಿಂದ ಪ್ರಯೋಜನವಿಲ್ಲ.

ಅನ್‌ಸೇಫ್ 2002ರಲ್ಲಿ ಹುಟ್ಟಿದ್ದು ಜೆಡಿಕೆಯ ಒಳಗಿನ ಬಳಕೆಗೆ. ಮೆಮರಿಯನ್ನು ನೇರವಾಗಿ ಮುಟ್ಟಲು ಬಿಡುತ್ತದೆ, ಗಡಿ ತಪಾಸಣೆ ಮಾಡುವುದಿಲ್ಲ, ಹಾಗಾಗಿ ಬಲು ವೇಗ. ವೇಗ ಬೇಕಿದ್ದ ಲೈಬ್ರರಿ ಬರಹಗಾರರಿಗೆ ಆಗ ಬೇರೆ ದಾರಿ ಇರಲಿಲ್ಲ. ನೆಟಿ, ಪ್ರೋಟೋಬಫ್, ಲೋಂಬೋಕ್, ಗೈಸ್ ಎಲ್ಲವೂ ಒಂದಲ್ಲ ಒಂದು ಕಾರಣಕ್ಕೆ ಅದನ್ನು ಹಿಡಿದವು. ಆದರೆ ಇಲ್ಲಿ ತಪ್ಪು ವಿಳಾಸ ಕೊಟ್ಟರೆ ಎಕ್ಸೆಪ್ಶನ್ ಬಂದು ನಿಲ್ಲುವುದಿಲ್ಲ, ಇಡೀ ಜೆವಿಎಮ್ ಬಿದ್ದುಹೋಗುತ್ತದೆ. ಅದರ 87 ಮೆಥಡ್‌ಗಳಲ್ಲಿ 79 ಮೆಮರಿ ಮುಟ್ಟುವಂಥವು. ಅವೆಲ್ಲವನ್ನೂ ಕೈಬಿಡುವ ನಿರ್ಧಾರ ಸರಿಯಾದದ್ದೇ. ಬದಲಿ ವ್ಯವಸ್ಥೆಯನ್ನು ಒದಗಿಸಿದ ಮೇಲೆಯೇ ಜಾವಾ ತಂಡ ಈ ಮಾತು ಎತ್ತಿದೆ: 2017ರಲ್ಲಿ ಜಾವಾ 9ರ ಜೊತೆ ವಾರ್‌ಹ್ಯಾಂಡಲ್ ಬಂತು, 2024ರ ಮಾರ್ಚ್‌ನಲ್ಲಿ ಜಾವಾ 22ರ ಜೊತೆ ಫಾರಿನ್ ಫಂಕ್ಷನ್ ಅಂಡ್ ಮೆಮರಿ ಎಪಿಐ ಪಕ್ಕಾ ಆಯಿತು. ಹಂತಗಳನ್ನೂ ಮುಂಚಿತವಾಗಿಯೇ ಪ್ರಕಟಿಸಲಾಗಿದೆ. ಜಾವಾ 23ರಲ್ಲಿ ಕಂಪೈಲ್ ಹೊತ್ತಿನ ಎಚ್ಚರಿಕೆ, 24ರಲ್ಲಿ ಓಡುವ ಹೊತ್ತಿನ ಎಚ್ಚರಿಕೆ, 26 ಅಥವಾ ಅದರ ನಂತರದ ಆವೃತ್ತಿಯೊಂದರಲ್ಲಿ ಎಕ್ಸೆಪ್ಶನ್, ಕೊನೆಗೆ ಮೆಥಡ್‌ಗಳೇ ಮಾಯ.

ಇಷ್ಟು ಸ್ಪಷ್ಟವಾಗಿರುವಾಗ ಆತಂಕ ಏತಕ್ಕೆ? ಕೆಲಸ ನಮ್ಮ ಕೋಡಿನಲ್ಲಿಲ್ಲ ಎಂಬುದಕ್ಕೆ. ಬ್ಯಾಂಕಿಗೋ ವಿಮಾ ಕಂಪನಿಗೋ ಅಪ್ಲಿಕೇಶನ್ ಬರೆಯುವ ತಂಡ ಅನ್‌ಸೇಫ್ ಅನ್ನು ನೇರವಾಗಿ ಕರೆದಿರುವುದು ಅಪರೂಪ. ತಾನು ಸೇರಿಸಿಕೊಂಡ ಲೈಬ್ರರಿ, ಆ ಲೈಬ್ರರಿ ಎಳೆದುಕೊಂಡು ಬಂದ ಇನ್ನೊಂದು, ಅದರಡಿಯ ಮತ್ತೊಂದು, ಅಲ್ಲಿರುತ್ತದೆ ಈ ಕರೆ. ತಳದ ಲೈಬ್ರರಿ ತಿದ್ದಿಕೊಂಡು ರಿಲೀಸ್ ಮಾಡಿದರೆ ಮಾತ್ರ ಅದರ ಮೇಲಿನದು ಹೊಸ ಆವೃತ್ತಿಯನ್ನು ಎತ್ತಿಕೊಂಡು ಪರೀಕ್ಷಿಸಬಹುದು. ಅದು ರಿಲೀಸ್ ಆದ ಮೇಲೆ ಅದರ ಮೇಲಿನದು. ಹೀಗೆ ನಾಲ್ಕೈದು ಮೆಟ್ಟಿಲು ಹತ್ತಿ ನಮ್ಮ ಮನೆ ಬಾಗಿಲಿಗೆ ತಿದ್ದುಪಡಿ ಬರುವಷ್ಟರಲ್ಲಿ ತಿಂಗಳುಗಳೇ ಉರುಳಿರುತ್ತವೆ. ನಡುವಿನ ಒಂದೇ ಒಂದು ಲೈಬ್ರರಿಯ ಮೇಂಟೇನರ್ ಕೆಲಸ ಬಿಟ್ಟಿದ್ದರೆ ಅಲ್ಲಿಗೆ ನಿಂತಿತು.

ಇದರ ಜೊತೆಗೆ, ಎಚ್ಚರಿಕೆಯ ಆ ಸಾಲುಗಳು ಒಂದು ಓಟಕ್ಕೆ ಒಂದೇ ಸಲ ಬರುತ್ತವೆ. ಮೊದಲು ಕರೆದ ಲೈಬ್ರರಿಯ ಹೆಸರಷ್ಟೇ ಕಾಣುತ್ತದೆ, ಅದರ ಹಿಂದೆ ಇನ್ನೂ ನಾಲ್ಕಿದ್ದರೆ ತಿಳಿಯುವುದಿಲ್ಲ. ಒಂದನ್ನು ಸರಿಪಡಿಸಿ ನಿಟ್ಟುಸಿರು ಬಿಡುವ ಹೊತ್ತಿಗೆ ಇನ್ನೊಂದು ಹೆಸರು ಬರುತ್ತದೆ. ಇನ್ನು ಕೆಲವೆಡೆ ಸ್ಟಾರ್ಟಪ್ ಸ್ಕ್ರಿಪ್ಟಿಗೆ ಸನ್-ಮಿಸ್ಕ್-ಅನ್‌ಸೇಫ್-ಮೆಮರಿ-ಆಕ್ಸೆಸ್ ಎಂಬ ಆಯ್ಕೆಯನ್ನು ಅಲೌ ಎಂದು ಸೇರಿಸಿ ಎಚ್ಚರಿಕೆಯ ಬಾಯಿ ಮುಚ್ಚಿಸುವ ರೂಢಿ ಶುರುವಾಗಿದೆ. ಲಾಗ್ ಸ್ವಚ್ಛವಾಯಿತು, ಟಿಕೆಟ್ ಮುಚ್ಚಿತು. ಮೆಥಡ್‌ಗಳೇ ಇಲ್ಲವಾದ ದಿನ ಆ ಅಲೌ ಯಾರನ್ನೂ ಕಾಯುವುದಿಲ್ಲ.

ಹೊಂದಾಣಿಕೆಯಿಲ್ಲದ ರಿಲೀಸ್‌ಗಳಿಂದ ಏನಾಗುತ್ತದೆ ಎಂಬುದನ್ನು ಜಾವಾ ಲೋಕ ಈಗಾಗಲೇ ಎರಡು ಸಲ ಕಂಡಿದೆ.

ಒಂದು, ಲಾಗ್‌ಫೋರ್‌ಜೆ. 2013ರಲ್ಲಿ ಸೇರಿಸಿದ್ದ ಜೆಎನ್‌ಡಿಐ ಸೌಲಭ್ಯದೊಳಗಿದ್ದ ಬಿರುಕು 2021ರ ಡಿಸೆಂಬರ್‌ನಲ್ಲಿ ಬಯಲಾಯಿತು. ಲಾಗ್‌ಗೆ ಸೇರುವ ಒಂದು ಸಾಲು ಪಠ್ಯದಿಂದ ಸರ್ವರನ್ನೇ ವಶಪಡಿಸಿಕೊಳ್ಳಬಹುದಿತ್ತು. ತೀವ್ರತೆಯ ಅಂಕ ಹತ್ತಕ್ಕೆ ಹತ್ತು. 2.15.0 ಬಂತು, ಅದು ಸಾಲದೆ 2.16.0, ಅದರ ಬೆನ್ನಿಗೇ 2.17.0, ತಿಂಗಳು ಮುಗಿಯುವುದರೊಳಗೆ 2.17.1. ಇವೆಲ್ಲ ಜಾವಾ 8ರವರಿಗೆ. ಜಾವಾ 7ರಲ್ಲಿ ಸಿಕ್ಕಿಕೊಂಡಿದ್ದವರಿಗೆ 2.12 ಸರಣಿಯಲ್ಲಿ, ಜಾವಾ 6ರಲ್ಲಿ ಉಳಿದವರಿಗೆ 2.3 ಸರಣಿಯಲ್ಲಿ ಅದೇ ತಿದ್ದುಪಡಿಯನ್ನು ಬೇರೆ ಬೇರೆಯಾಗಿ ಹೊಲಿದು ಕೊಡಬೇಕಾಯಿತು. ಈ ಕೆಲಸ ಮಾಡಿದವರು ಸ್ವಯಂಸೇವಕರು. ಲಾಗ್‌ಫೋರ್‌ಜೆಯ ಮನೆಯಾದ ಅಪಾಚೆಯಲ್ಲಿ ಒಂದು ರಿಲೀಸ್ ಹೊರಬೀಳಲು ಸಮಿತಿಯ ಕನಿಷ್ಠ ಮೂರು ಒಪ್ಪಿಗೆ ಮತ ಬೇಕು, ಸಾಮಾನ್ಯವಾಗಿ 72 ಗಂಟೆ ಕಾಯಬೇಕು. ಬೇರೆ ಬೇರೆ ದೇಶದ, ಬೇರೆ ಬೇರೆ ಗಡಿಯಾರದ ಜನ ಹಬ್ಬದ ರಜೆಯಲ್ಲಿ ನಿದ್ದೆಗೆಟ್ಟು ಇದನ್ನೆಲ್ಲ ಮಾಡಿದರು. ಅವರ ಕೆಲಸ ಮುಗಿದರೂ ಜಗತ್ತಿನದು ಮುಗಿಯಲಿಲ್ಲ. ಆ ಡಿಸೆಂಬರ್ 19ರ ಹೊತ್ತಿಗೆ ಗೂಗಲ್‌ನ ಲೆಕ್ಕದಂತೆ ಮೇವನ್ ಸೆಂಟ್ರಲ್‌ನ 17,000ಕ್ಕೂ ಹೆಚ್ಚು ಪ್ಯಾಕೇಜ್‌ಗಳು ಲಾಗ್‌ಫೋರ್‌ಜೆ ಕೋರ್‌ನ ಮೂಲಕ ಅಪಾಯದಲ್ಲಿದ್ದವು, ಅಂದರೆ ಇಡೀ ಭಂಡಾರದ ಸುಮಾರು ಶೇ 4. ಬಹುಪಾಲು ಅದನ್ನು ನೇರವಾಗಿ ಸೇರಿಸಿಕೊಂಡವಲ್ಲ, ನಡುವಿನವರ ಮೂಲಕ ಪಡೆದವು.

ಮೇವನ್ ಸೆಂಟ್ರಲ್‌ಗೆ ಒಮ್ಮೆ ಏರಿಸಿದ್ದನ್ನು ಬದಲಿಸುವಂತಿಲ್ಲ, ಅಳಿಸುವಂತಿಲ್ಲ. ಇದು ಒಳ್ಳೆಯ ನಿಯಮ, ನಂಬಿಕೆಯ ಬುನಾದಿ. ಆದರೆ ತಪ್ಪಿದ ರಿಲೀಸ್ ಕೂಡ ಅಲ್ಲೇ ಇರುತ್ತದೆ, ಹಳೆಯ ಸಂಖ್ಯೆಯನ್ನು ಬರೆದುಕೊಂಡವರಿಗೆ ಅದೇ ಸಿಗುತ್ತಿರುತ್ತದೆ. ಒಂದೇ ಲೈಬ್ರರಿಯ ಎರಡು ಆವೃತ್ತಿ ಎದುರಾದರೆ ಮೇವನ್ ಹೊಸದನ್ನು ಆರಿಸುವುದಿಲ್ಲ, ಡಿಪೆಂಡೆನ್ಸಿ ಮರದಲ್ಲಿ ನಮಗೆ ಹತ್ತಿರ ಇರುವುದನ್ನು ಆರಿಸುತ್ತದೆ. ಹೊಸದರಲ್ಲಷ್ಟೇ ಇರುವ ಮೆಥಡ್ಡನ್ನು ಯಾರೋ ಕರೆದಾಗ ನೋ ಸಚ್ ಮೆಥಡ್ ಎರರ್ ಬರುವುದು ಕಂಪೈಲ್ ಹೊತ್ತಿನಲ್ಲಿ ಅಲ್ಲ, ಪ್ರೊಡಕ್ಷನ್‌ನಲ್ಲಿ.

ಎರಡನೆಯದು ಜಾವಾಎಕ್ಸ್ ಹೋಗಿ ಜಕಾರ್ತಾ ಬಂದ ಕಥೆ. 2017ರಲ್ಲಿ ಒರಾಕಲ್ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಿತು. ಹೆಸರಿನ ಹಕ್ಕಿನ ಬಗ್ಗೆ ಒಪ್ಪಂದ ಕುದುರಲಿಲ್ಲ, 2020ರ ಕೊನೆಯಲ್ಲಿ ಜಕಾರ್ತಾ ಇಇ 9 ಪ್ಯಾಕೇಜ್ ಹೆಸರುಗಳನ್ನೇ ಬದಲಿಸಿತು. ತರ್ಕ ಒಂದಿಷ್ಟೂ ಬದಲಾಗಲಿಲ್ಲ, ಹೆಸರು ಮಾತ್ರ. ಅಷ್ಟಕ್ಕೇ ಯಾವ ಲೈಬ್ರರಿಯೂ ಒಂಟಿಯಾಗಿ ಮುಂದೆ ಹೋಗಲಾರದಾಯಿತು. ಟಾಮ್‌ಕ್ಯಾಟ್, ಹೈಬರ್ನೇಟ್, ಸ್ಪ್ರಿಂಗ್ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೆಜ್ಜೆ ಇಟ್ಟರು. ಸ್ಪ್ರಿಂಗ್ ಬೂಟ್ 3 ಬಂದದ್ದು 2022ರ ನವೆಂಬರ್‌ನಲ್ಲಿ, 2.7ರ ಉಚಿತ ಬೆಂಬಲ ನಿಂತದ್ದು 2023ರ ನವೆಂಬರ್‌ನಲ್ಲಿ. ನಡುವೆ ಸಿಕ್ಕಿದ್ದು ಒಂದು ವರ್ಷ. ಎಪಿಐ ದಾಖಲೆಗೆ ಸ್ಪ್ರಿಂಗ್‌ಫಾಕ್ಸ್ ಬಳಸಿದ್ದ ತಂಡಗಳ ಪಾಡು ನೆನಪಿರಬಹುದು. ಅದರ 3.0.0 ಆವೃತ್ತಿ 2020ರ ಜುಲೈಯಲ್ಲಿ ಬಂತು, ಮುಂದಿನದು ಬರಲೇ ಇಲ್ಲ. ಒಂದು ದಾಖಲೆ ಲೈಬ್ರರಿಗಾಗಿ ಇಡೀ ಅಪ್‌ಗ್ರೇಡ್ ಕಾದು ಕೂತಿತು, ಕೊನೆಗೆ ಸ್ಪ್ರಿಂಗ್‌ಡಾಕ್‌ಗೆ ಬದಲಾಗಿ ಅನೊಟೇಶನ್‌ಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು.

ಅನ್‌ಸೇಫ್ ವಿಷಯದಲ್ಲಿ ಮೇಂಟೇನರ್‌ಗಳ ಮೇಲೆ ಬೀಳುವ ಭಾರ ಇದಕ್ಕಿಂತ ಹೆಚ್ಚು. ವಾರ್‌ಹ್ಯಾಂಡಲ್ ಜಾವಾ 9ಕ್ಕೆ ಮೊದಲು ಇರಲೇ ಇಲ್ಲ. ಜಾವಾ 8ರ ಬಳಕೆದಾರರನ್ನು ಬಿಡಲಾರದ ಲೈಬ್ರರಿ ಒಂದೇ ಜಾರ್‌ನಲ್ಲಿ ಎರಡು ಬಗೆಯ ಕೋಡ್ ಇಡಬೇಕು, ಇಲ್ಲವೇ ಎರಡು ಶಾಖೆ ನಡೆಸಬೇಕು. ಪ್ರತಿ ತಿದ್ದುಪಡಿಗೆ ಎರಡು ಪರೀಕ್ಷೆ, ಎರಡು ರಿಲೀಸ್. ಇಷ್ಟನ್ನು ಸಂಜೆಯ ಬಿಡುವಿನಲ್ಲಿ, ಶನಿವಾರ ಭಾನುವಾರಗಳಲ್ಲಿ ಒಬ್ಬಿಬ್ಬರು ಮಾಡುತ್ತಾರೆಂದು ನಾವು ನಂಬಿ ಕೂತಿದ್ದೇವೆ. ಇಶ್ಯೂ ಪಟ್ಟಿಯಲ್ಲಿ ಅವರಿಗೆ ಸಿಗುವುದು ಹೆಚ್ಚಾಗಿ ಯಾವಾಗ ರಿಲೀಸ್ ಎಂಬ ಪ್ರಶ್ನೆ. ಸಣ್ಣದೊಂದು ಟೆಸ್ಟ್, ಒಂದು ಪ್ಯಾಚ್, ಕನಿಷ್ಠ ರಿಲೀಸ್ ಕ್ಯಾಂಡಿಡೇಟನ್ನು ನಮ್ಮಲ್ಲಿ ಓಡಿಸಿ ನೋಡಿದೆವು ಎಂಬ ಒಂದು ವರದಿ ಬರುವುದು ವಿರಳ.

ಈ ಮಾತನ್ನು ಬೆಂಗಳೂರಿಗೆ ಹೇಳಲೇಬೇಕು. ಜಗತ್ತಿನ ಬ್ಯಾಂಕು, ವಿಮೆ, ಅಂಗಡಿ, ವಿಮಾನಯಾನಗಳ ಜಾವಾ ವ್ಯವಸ್ಥೆಗಳನ್ನು ಬರೆದು ಕಾಯುವ ದೊಡ್ಡ ಪಡೆ ಇಲ್ಲಿದೆ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲೂ ಇದೆ. ಗ್ರಾಹಕರಿಗೆ ಕೊಡುವ ಅಪ್‌ಗ್ರೇಡ್ ಅಂದಾಜು ಪಟ್ಟಿಯಲ್ಲಿ ಲೈಬ್ರರಿಯ ಮೇಲಣ ಕೆಲಸಕ್ಕೆ ಒಂದು ಸಾಲೂ ಇರುವುದಿಲ್ಲ. ಇರಬೇಕು. ತಾನು ಅವಲಂಬಿಸಿದ ಲೈಬ್ರರಿಗೆ ಪ್ಯಾಚ್ ಬರೆಯುವ ಎಂಜಿನಿಯರ್‌ನ ಗಂಟೆಯನ್ನು ಬಿಲ್ ಮಾಡಬಹುದಾದ ಕೆಲಸವೆಂದೇ ಎಣಿಸಬೇಕು, ಅಪ್ರೈಸಲ್‌ನಲ್ಲಿ ಅದಕ್ಕೆ ಬೆಲೆ ಸಿಗಬೇಕು. ಹಣದ ದಾರಿಯೂ ಇದೆ: ಬೆಂಗಳೂರಿನ ಜೀರೋಧಾ 2024ರಲ್ಲಿ ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿ ಘೋಷಿಸಿತು. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಕಂಪನಿಗಳು ಇದೇ ಊರಿನಲ್ಲಿವೆ.

ಕಾನೂನೂ ಈ ಕಡೆಗೇ ಬರುತ್ತಿದೆ. ಯುರೋಪಿನ ಸೈಬರ್ ರೆಸಿಲಿಯನ್ಸ್ ಆಕ್ಟ್‌ನಡಿ, ದುರ್ಬಳಕೆಯಾಗುತ್ತಿರುವ ದೋಷ ತಿಳಿದ 24 ಗಂಟೆಯೊಳಗೆ ಮುನ್ಸೂಚನೆ ಕೊಡುವ ಹೊಣೆ 2026ರ ಸೆಪ್ಟೆಂಬರ್ 11ರಿಂದ ತಯಾರಕರ ಮೇಲೆ ಬೀಳುತ್ತದೆ. 2027ರ ಡಿಸೆಂಬರ್ 11ರಿಂದ ಉಳಿದ ಹೊಣೆಗಳೂ ಅನ್ವಯ. ತನ್ನ ಉತ್ಪನ್ನದೊಳಗಿನ ಮುಕ್ತ ಲೈಬ್ರರಿಯಲ್ಲಿ ದೋಷ ಕಂಡರೆ ಅದರ ಮೇಂಟೇನರ್‌ಗೆ ತಿಳಿಸಬೇಕು, ತಾನು ತಿದ್ದಿದ್ದರೆ ಆ ಕೋಡನ್ನೂ ಹಂಚಿಕೊಳ್ಳಬೇಕು ಎಂಬುದು ಅವುಗಳಲ್ಲಿ ಒಂದು. ನಮ್ಮ ಸರ್ಟ್-ಇನ್ ಕೂಡ 2024ರಲ್ಲಿ ತಂತ್ರಾಂಶದ ಘಟಕಗಳ ಪಟ್ಟಿ ಇಡುವ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅನ್‌ಸೇಫ್ ತೆಗೆಯುವುದು ಸುರಕ್ಷತಾ ದೋಷವಲ್ಲ, ನಿಜ. ಆದರೆ ಅದರಿಂದಾಗಿ ಹಳೆಯ ಜಾವಾದಲ್ಲಿ ಸಿಕ್ಕಿಬಿದ್ದವರಿಗೆ ಮುಂದಿನ ಲಾಗ್‌ಫೋರ್‌ಜೆ ಬಂದಾಗ ಪ್ಯಾಚ್ ಹಾಕಿಕೊಳ್ಳುವ ದಾರಿಯೇ ಇರುವುದಿಲ್ಲ. ಜಾವಾ 6 ಮತ್ತು 7ರಲ್ಲಿ ಉಳಿದವರಿಗಾಗಿ ಆಗ ಯಾರೋ ನಿದ್ದೆಗೆಟ್ಟರು. ಮುಂದಿನ ಸಲ ಯಾರೂ ಸಿಗದೆ ಹೋಗಬಹುದು.

ಹಾಗಾದರೆ ಈ ತ್ರೈಮಾಸಿಕದ ಕೆಲಸ ಏನು? ಟೆಸ್ಟ್ ಸರ್ವರಿನಲ್ಲಿ ಜಾವಾ 25 ಹಾಕಿ ಸನ್-ಮಿಸ್ಕ್-ಅನ್‌ಸೇಫ್-ಮೆಮರಿ-ಆಕ್ಸೆಸ್ ಆಯ್ಕೆಯನ್ನು ಅಲೌ ಬದಲು ಡಿನೈ ಎಂದು ಇಡಬೇಕು, ಏನು ಮುರಿಯುತ್ತದೆ ನೋಡಬೇಕು. ಡಿಬಗ್ ಎಂದು ಇಟ್ಟರೆ ಪ್ರತಿ ಕರೆಯೂ ಸ್ಟ್ಯಾಕ್ ಟ್ರೇಸ್ ಸಮೇತ ಕಾಣುತ್ತದೆ, ಮರೆಯಲ್ಲಿದ್ದ ಹೆಸರುಗಳೆಲ್ಲ ಹೊರಬರುತ್ತವೆ. ಸಿಕ್ಕ ಪ್ರತಿ ಲೈಬ್ರರಿಗೂ ಕಡೆಯ ರಿಲೀಸ್ ಯಾವಾಗ, ರಿಲೀಸ್ ಮಾಡುವ ಅಧಿಕಾರ ಎಷ್ಟು ಜನರಿಗಿದೆ ಎಂದು ಬರೆದಿಡಬೇಕು. ಒಬ್ಬರೇ ಇದ್ದಲ್ಲಿ, ರಿಲೀಸ್ ನಿಂತು ವರ್ಷಗಳಾಗಿದ್ದಲ್ಲಿ, ನಮ್ಮ ಜನರ ಸಮಯ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಮುಂದಿನ ದೀರ್ಘಾವಧಿ ಆವೃತ್ತಿ ಜಾವಾ 29 ಬರಬೇಕಿರುವುದು 2027ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಹೋಗುವ ತಂಡದ ಕೈಗೆ ಮೇಲಿನ ಫ್ರೇಮ್‌ವರ್ಕ್‌ಗಳು ಅದಕ್ಕೂ ಆರು ತಿಂಗಳು ಮೊದಲೇ ಸಿಗಬೇಕು, ನಡುವಿನ ಲೈಬ್ರರಿಗಳು ಅದಕ್ಕಿಂತ ಮೊದಲು, ತಳದವು ಎಲ್ಲಕ್ಕಿಂತ ಮೊದಲು. ಹೀಗೆ ಹಿಂದಕ್ಕೆ ಎಣಿಸುತ್ತಾ ಬಂದರೆ ತಳದ ಲೈಬ್ರರಿಗೆ ಇಶ್ಯೂ ಬರೆದು ಪ್ಯಾಚ್ ಕಳಿಸಬೇಕಾದದ್ದು ಈ ವಾರ.