ನಮ್ಮೂರ ಕಡತದ ಜಾಡು ನಾವೇ ಹಿಡಿಯೋಣ!

ಮೈನಿಂಗ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯ ಜನ ಕಪ್ಪತಗುಡ್ಡದ ಕಡೆ ತಿರುಗಿ ನೋಡುತ್ತಾರೆ. ನೋಡಲೇಬೇಕು! ಆ ಗುಡ್ಡಕ್ಕಾಗಿ ಮಠದವರು, ರೈತರು, ವಿದ್ಯಾರ್ಥಿಗಳು ಬೀದಿಗಿಳಿದು ಹೋರಾಡಿದರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಆದರೆ ಯುವಕ ಯುವತಿಯರೇ, ಇವತ್ತು ನಾವು ಹೇಳಹೊರಟಿರುವ ಮೈನಿಂಗ್ ಬೇರೆ. ಇದರಲ್ಲಿ ಗುಡ್ಡ ಅಗೆಯುವುದಿಲ್ಲ, ಕಡತ ಅಗೆಯುತ್ತಾರೆ. ಇದರ ಹೆಸರು ಪ್ರಾಸೆಸ್ ಮೈನಿಂಗ್. ಕನ್ನಡದಲ್ಲಿ ಹೇಳುವುದಾದರೆ, ಕೆಲಸದ ಜಾಡು ಹಿಡಿಯುವ ವಿದ್ಯೆ.

ಈ ವಿದ್ಯೆ ಬಲ್ಲವರಿಗೆ ಬೆಂಗಳೂರಿನ ಕಂಪನಿಗಳಲ್ಲಿ ಕೆಲಸವಿದೆ. ಕಲಿಯಲು ಬೇಕಾದ ಸಾಮಗ್ರಿ ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯಲ್ಲಿ, ಮುಂಡರಗಿಯಲ್ಲಿ ರಾಶಿ ಬಿದ್ದಿದೆ. ಹಾಗಿದ್ದೂ ನಾವೇಕೆ ಕೈಕಟ್ಟಿ ಕುಳಿತಿದ್ದೇವೆ?

ಜಾಡು ಎಂದರೇನು?

ನಿಮ್ಮ ತಂದೆಯವರು ಅಜ್ಜನ ಹೊಲ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ವಾರಸಾ ಅರ್ಜಿ ಹಾಕಿದ್ದಾರೆ ಎನ್ನಿ. ಕಾಗದದ ಮೇಲೆ ಅದರ ದಾರಿ ನೆಟ್ಟಗಿದೆ. ಅರ್ಜಿ, ಪರಿಶೀಲನೆ, ನೋಟೀಸು, ವರದಿ, ಆದೇಶ, ಕೊನೆಗೆ ಹೊಸ ಪಹಣಿ. ಆದರೆ ಕಡತ ನಿಜವಾಗಿ ನಡೆದ ದಾರಿ ಯಾವುದು? ಯಾರ ಮೇಜಿನ ಮೇಲೆ ಎಷ್ಟು ದಿನ ಕುಳಿತಿತ್ತು? ಎಷ್ಟು ಸಲ ಹಿಂದಕ್ಕೆ ಹೋಯಿತು? "ನಾಳೆ ಬಾ ಅಂದಾರ" ಎಂಬುದಕ್ಕಿಂತ ಹೆಚ್ಚು ನಿಮ್ಮ ತಂದೆಯವರಿಗೆ ತಿಳಿಯದು. ಆದರೆ ಕಂಪ್ಯೂಟರಿಗೆ ತಿಳಿದಿದೆ!

ಕಚೇರಿಯ ಕಂಪ್ಯೂಟರು ಪ್ರತಿ ಹೆಜ್ಜೆಗೂ ಮೂರು ಸಂಗತಿ ಬರೆದಿಡುತ್ತದೆ: ಯಾವ ಅರ್ಜಿ, ಯಾವ ಕೆಲಸ, ಯಾವ ಹೊತ್ತು. ಈ ಮೂರು ಕಾಲಮ್ಮಿನ ಪಟ್ಟಿಗೆ ಈವೆಂಟ್ ಲಾಗ್ ಎನ್ನುತ್ತಾರೆ. ಸಾವಿರಾರು ಅರ್ಜಿಗಳ ಪಟ್ಟಿ ಕೊಟ್ಟರೆ ತಂತ್ರಾಂಶ ಒಂದು ನಕ್ಷೆ ಬಿಡಿಸುತ್ತದೆ. ಕಡತಗಳು ನಡೆದ ದಾರಿ, ನಿಂತ ಜಾಗ, ತಿರುಗಿ ಬಂದ ಸುತ್ತು ಎಲ್ಲವೂ ಅದರಲ್ಲಿ ಕಾಣುತ್ತವೆ. ಇದು ಮೊದಲ ಕೆಲಸ. ಕಾನೂನು ಹೇಳಿದ ದಾರಿಯ ಪಕ್ಕದಲ್ಲಿ ಈ ದಾರಿಯನ್ನಿಟ್ಟು ಎಲ್ಲಿ ತಪ್ಪಿತೆಂದು ನೋಡುವುದು ಎರಡನೆಯದು. ತಡವಾದ ಕಡೆ ಏನು ಮಾಡಿದರೆ ಸರಿಹೋದೀತು ಎಂದು ಹೇಳುವುದು ಮೂರನೆಯದು. ವಿದ್ಯೆ ಇಷ್ಟೇ. ಪಳಗಲು ಮಾತ್ರ ಕೈ ಸವೆಯಬೇಕು.

ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ಬೇಕಾದ ನೆಲ ಹದವಾಗಿದೆ. 2011ರ ಕಾಯ್ದೆಯ ಆಧಾರದ ಮೇಲೆ 2012ರ ಏಪ್ರಿಲ್ 2ರಂದು ಸಕಾಲ ಯೋಜನೆ ರಾಜ್ಯದಾದ್ಯಂತ ಶುರುವಾಯಿತು. ಪ್ರತಿ ಅರ್ಜಿಗೂ 15 ಅಂಕಿಯ ಸಂಖ್ಯೆ. ಪ್ರತಿ ಸೇವೆಗೂ ಗಡುವು. ಗಡುವು ಮೀರಿದರೆ ಅರ್ಜಿದಾರ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ನಿಮ್ಮ ಮನೆಯ ಕಪಾಟಿನಲ್ಲಿ ಮಡಚಿಟ್ಟ ಆ ಸಕಾಲ ಚೀಟಿ ಇದೆಯಲ್ಲ, ಅದರ ಮೇಲಿನ 15 ಅಂಕಿಯೇ ಜಾಡಿನ ತುದಿ! ಎಪಿಎಂಸಿಗೂ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂತು. ಗೇಟಿನಲ್ಲಿ ಬರೆಸಿದ ಮಾಲಿಗೆ ಲಾಟ್ ನಂಬರು, ಆಮೇಲೆ ಟೆಂಡರು, ತೂಕ, ಹಣ. ಹೆಸರುಕಾಳಿನ ಚೀಲ ಗೇಟು ದಾಟಿದ್ದು ಯಾವಾಗ, ರೈತನ ಕೈಗೆ ದುಡ್ಡು ಬಂದದ್ದು ಯಾವಾಗ? ಕೇಳಬೇಕಾದವರು ಯಾರು? ನೀವೇ ಅಲ್ಲವೇ?

ಡಚ್ಚರನ್ನು ನೋಡಿ!

ಈ ವಿದ್ಯೆ ಬೆಳೆದದ್ದು ನೆದರ್ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. ವಿಲ್ ವಾನ್ ಡೆರ್ ಆಲ್ಸ್ಟ್ ಎಂಬ ಪ್ರಾಧ್ಯಾಪಕರು 1990ರ ದಶಕದ ಕೊನೆಯಲ್ಲಿ ಇದಕ್ಕೆ ಕೈಹಾಕಿದರು. ಆ ದೇಶದ ಜನಸಂಖ್ಯೆ ಎರಡು ಕೋಟಿಯೂ ಇಲ್ಲ. ನಾವು 2011ರ ಜನಗಣತಿಯಲ್ಲೇ ಆರು ಕೋಟಿ ದಾಟಿದವರು!

ಈಗ ಒಂದು ಮಾತು ಗಮನವಿಟ್ಟು ಕೇಳಿ. ಜಗತ್ತಿನಾದ್ಯಂತ ಈ ವಿದ್ಯೆ ಕಲಿಯುವವರು ಅಭ್ಯಾಸ ಮಾಡುವ ಒಂದು ಪ್ರಸಿದ್ಧ ಲಾಗ್ ಇದೆ. 2012ರ ಸ್ಪರ್ಧೆಯೊಂದಕ್ಕೆ ಬಿಡುಗಡೆಯಾದದ್ದು. ಡಚ್ ಹಣಕಾಸು ಸಂಸ್ಥೆಯೊಂದರ ಸಾಲದ ಅರ್ಜಿಗಳದು. ಅದರಲ್ಲಿ 13,087 ಅರ್ಜಿ, 2,62,200 ಹೆಜ್ಜೆ. ಆ ಹೆಜ್ಜೆಗಳಲ್ಲಿ ಅನೇಕಕ್ಕೆ ಹೆಸರಿರುವುದು ಯಾವ ಭಾಷೆಯಲ್ಲಿ? ಡಚ್ಚಿನಲ್ಲಿ! 'ನಾಬೆಲ್ಲೆನ್ ಒಫೆರ್ತೆಸ್' ಎಂದರೆ ಸಾಲದ ಕೊಡುಗೆ ಕಳಿಸಿದ ಮೇಲೆ ಫೋನು ಮಾಡಿ ಕೇಳುವುದು. ಬೆಂಗಳೂರಿನ ಹುಡುಗನೂ, ಟೋಕಿಯೋದ ಹುಡುಗಿಯೂ ಈ ಡಚ್ ಮಾತಿನ ಅರ್ಥ ಹುಡುಕಿಯೇ ಮುಂದೆ ಹೋಗಬೇಕು. 2015ರಲ್ಲಿ ಐದು ಡಚ್ ಪುರಸಭೆಗಳು ಮನೆ ಕಟ್ಟುವ ಪರವಾನಗಿಯ ಸುಮಾರು ನಾಲ್ಕು ವರ್ಷದ ದಾಖಲೆ ಕೊಟ್ಟವು. ಅದರಲ್ಲಿ ಡಚ್ ಹೆಸರಿಗೆ ಒಂದು ಕಾಲಮ್ಮು, ಹೊರಗಿನವರಿಗಾಗಿ ಇಂಗ್ಲಿಷಿಗೆ ಇನ್ನೊಂದು. ತಮ್ಮ ಕಚೇರಿಯ ಭಾಷೆಯನ್ನು ಅವರು ಬಿಡಲಿಲ್ಲ. ಜಗತ್ತು ಅವರನ್ನು ಬಿಟ್ಟುಹೋಗಲೂ ಇಲ್ಲ!

ಇಂಗ್ಲಿಷಿನಲ್ಲಲ್ಲದೆ ಈ ವಿದ್ಯೆ ಸಾಗದು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡಿನ ಎಲ್ಲೆಯನ್ನು ಹೇಳುವಾಗ ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಆ ಪುಲಿಗೆರೆಯೇ ಇವತ್ತಿನ ಲಕ್ಷ್ಮೇಶ್ವರ. ಅಲ್ಲಿನ ತಹಶೀಲ್ದಾರ್ ಕಚೇರಿಯ ಹೆಜ್ಜೆಗಳನ್ನು ಕನ್ನಡದಲ್ಲಿ ಓದಲಾಗದು ಎಂದು ಯಾರಾದರೂ ಅಂದರೆ ನಗಬೇಕೋ ಅಳಬೇಕೋ?

ಕೈಯಲ್ಲಿ ಕಲಿಯುವ ವಿದ್ಯೆ

ಬೆಟಗೇರಿಯ ನೇಕಾರನ ಮಗ ಮಗ್ಗವನ್ನು ಪುಸ್ತಕ ಓದಿ ಕಲಿಯಲಿಲ್ಲ. ಎಳೆ ಹರಿದಾಗ ಗಂಟು ಹಾಕಿ ಕಲಿತ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಗುರುವಿನ ಎದುರು ಕುಳಿತು, ಕಿವಿಯಿಂದ ಕಂಠಕ್ಕೆ ಸಂಗೀತ ಇಳಿಸಿಕೊಂಡರು. ಜಾಡು ಹಿಡಿಯುವ ವಿದ್ಯೆಯೂ ಹಾಗೆಯೇ. ವಿಡಿಯೋ ನೋಡಿ ಸರ್ಟಿಫಿಕೇಟು ತೆಗೆದುಕೊಂಡವರಿಗೆ ನಕ್ಷೆ ಬಿಡಿಸಲು ಬರುತ್ತದೆ, ಓದಲು ಬರುವುದಿಲ್ಲ!

ಮೊದಲ ವಾರ ಸಿದ್ಧ ಲಾಗ್ ಹಿಡಿಯಿರಿ. ಇಟಲಿಯ ಪೊಲೀಸರು ವಿಧಿಸಿದ 1,50,370 ಸಂಚಾರ ದಂಡಗಳ ಲಾಗ್ ಎಲ್ಲರಿಗೂ ಮುಕ್ತವಾಗಿದೆ. ದಂಡ ಹಾಕಿದ್ದು, ಕಳಿಸಿದ್ದು, ಮೇಲ್ಮನವಿ, ಪಾವತಿ: ಯಾರಿಗಾದರೂ ತಿಳಿಯುವ ಹೆಜ್ಜೆಗಳು. ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಐಂಡ್‌ಹೋವನ್ನಿನ ಪ್ರಾಮ್ ಇದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಹುಟ್ಟಿದ, ಪೈಥಾನ್ ಬಲ್ಲವರಿಗೆ ಒಗ್ಗುವ ಪಿಎಂ4ಪೈ ಇದೆ. ಇಬ್ಬರು ಮೂವರು ಸೇರಿ ಒಂದೇ ಲ್ಯಾಪ್‌ಟಾಪಿನ ಮುಂದೆ ಕುಳಿತರೂ ಸಾಕು.

ಎರಡನೇ ತಿಂಗಳು ನಮ್ಮೂರ ಲಾಗ್ ಹಿಡಿಯಿರಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ನಮ್ಮ ಕೈಯಲ್ಲಿದೆ. 10 ರೂಪಾಯಿ ಶುಲ್ಕ, 30 ದಿನ ಕಾಲ. ಹೆಸರು, ವಿಳಾಸ, ಫೋನ್ ನಂಬರು ಬೇಡವೆಂದು ಅರ್ಜಿಯಲ್ಲೇ ಬರೆಯಿರಿ. ಅರ್ಜಿ ಸಂಖ್ಯೆ, ಹೆಜ್ಜೆ, ದಿನಾಂಕ ಮತ್ತು ವೇಳೆ ಇಷ್ಟೇ ಕೇಳಿ. ಒಬ್ಬರ ಮನೆಯ ಗುಟ್ಟು ನಮಗೇಕೆ? ನಮಗೆ ಬೇಕಾದ್ದು ದಾರಿ.

ಕೂಡಿ ಕುಳಿತರೆ ಮಾತ್ರ ತಿಳಿಯುವ ಸಂಗತಿ

ಲಾಗ್ ಸುಳ್ಳು ಹೇಳುತ್ತದೆ! ಸರ್ವರ್ ಡೌನ್ ಎಂದು ವಾರವಿಡೀ ಕಾಗದದ ಮೇಲೆ ಕೆಲಸ ಮಾಡಿ, ಶನಿವಾರ ಸಂಜೆ ಎಲ್ಲವನ್ನೂ ಒಟ್ಟಿಗೆ ಕಂಪ್ಯೂಟರಿಗೆ ಏರಿಸಿದರೆ, ಲಾಗಿನ ಪ್ರಕಾರ ವಾರದ ಕೆಲಸ ಹತ್ತು ನಿಮಿಷದಲ್ಲಿ ಮುಗಿದಿರುತ್ತದೆ. ಹೊರಗಿನ ಪರಿಣತ ಇದನ್ನು ನೋಡಿ ಭೇಷ್ ಅಂದಾನು. ಕಚೇರಿಯ ಮೆಟ್ಟಿಲು ಹತ್ತಿ ಇಳಿದವನಿಗೆ ಗೊತ್ತು ಒಳಗಿನ ಕಥೆ.

ಇನ್ನೊಂದು. ನಾವು ವಾರಸಾ ಅನ್ನುವುದನ್ನೇ ಮೈಸೂರು ಸೀಮೆಯವರು ಪೌತಿ ಖಾತೆ ಅನ್ನುತ್ತಾರೆ. ಎರಡೂ ಪದ ಪಟ್ಟಿಯಲ್ಲಿದ್ದರೆ ತಂತ್ರಾಂಶ ಎರಡು ಬೇರೆ ಕೆಲಸ ಎಂದು ಎಣಿಸುತ್ತದೆ. ನುಡಿಯ ಹಳೆಯ ಅಕ್ಷರದಲ್ಲಿ ಬೆರಳಚ್ಚಿಸಿದ್ದರೆ ಇನ್ನೂ ಪಜೀತಿ. ನಕ್ಷೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ! ಮೊದಲು ಯುನಿಕೋಡಿಗೆ ತರಬೇಕು, ಆಮೇಲೆ ಒಂದೇ ಕೆಲಸಕ್ಕೆ ಒಂದೇ ಹೆಸರು ಕೊಡಬೇಕು. ಈ ವಿದ್ಯೆಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಕನ್ನಡ ಬಾರದವನ ಕೈಲಿ ಇದು ಆಗುವ ಕೆಲಸವೇ?

ಮತ್ತೊಂದು. ಗಡುವಿನ ಕೊನೆಯ ದಿನ ಅರ್ಜಿಯನ್ನು ತಿರಸ್ಕರಿಸಿದರೂ ಅದು 'ಸಮಯಕ್ಕೆ ವಿಲೇವಾರಿ'ಯೇ. ರೈತ ಮರುದಿನ ಹೊಸ ಅರ್ಜಿ ಹಾಕಿದರೆ ಹೊಸ ಸಂಖ್ಯೆ. ಲೆಕ್ಕದಲ್ಲಿ ಎರಡು ಚುರುಕಾದ ಕೆಲಸ. ರೈತನ ಪಾಲಿಗೆ ಒಂದೇ ದೊಡ್ಡ ಅಲೆದಾಟ. ಆಗ ಅರ್ಜಿ ಸಂಖ್ಯೆಯ ಬೆನ್ನು ಹತ್ತದೆ ಸರ್ವೆ ನಂಬರಿನ ಬೆನ್ನು ಹತ್ತಬೇಕು. ಜಾಡಿನ ತುದಿ ಬದಲಾದರೆ ನಕ್ಷೆಯೇ ಬದಲಾಗುತ್ತದೆ. ನಕ್ಷೆ ನೋಡಿದೊಡನೆ ಕೆಳಗಿನ ಗುಮಾಸ್ತನ ಮೇಲೆ ಎಗರುವುದೂ ತಪ್ಪು. ತಡ ಎಲ್ಲಾಯಿತು ಎಂದು ನಕ್ಷೆ ತೋರಿಸುತ್ತದೆ. ಏಕಾಯಿತು ಎಂಬುದನ್ನು ಕೇಳಿಯೇ ತಿಳಿಯಬೇಕು. ಒಬ್ಬನೇ ಅಧಿಕಾರಿಗೆ ಮೂರು ಕಡೆ ಪ್ರಭಾರ ಇದ್ದೀತು.

ಇಂಥ ಸಂಗತಿಗಳು ಪುಸ್ತಕದಿಂದ ಬರುವುದಕ್ಕಿಂತ ಕೆಲಸ ಮಾಡಿದವರ ಬಾಯಿಂದ ಬರುವುದೇ ಹೆಚ್ಚು. ಅದಕ್ಕಾಗಿಯೇ 2012ರಿಂದ ಐಂಡ್‌ಹೋವನ್ನಿನಲ್ಲಿ ಪ್ರಾಸೆಸ್ ಮೈನಿಂಗ್ ಕ್ಯಾಂಪ್ ನಡೆಯಿತು. ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಈ ಕೆಲಸ ಮಾಡುವವರು ಕಲೆತು ತಮ್ಮ ಅನುಭವ ಬಿಚ್ಚಿಟ್ಟರು. 2019ರಲ್ಲಿ ಜರ್ಮನಿಯ ಆಖೆನ್ ನಗರದಲ್ಲಿ ಈ ವಿದ್ಯೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನವಾಯಿತು. 2011ರಲ್ಲಿ 77 ಪರಿಣತರು ಸೇರಿ ಈ ವಿದ್ಯೆಯ ಪ್ರಣಾಳಿಕೆ ಬರೆದರು. ಅದು ಚೀನಿ, ಜಪಾನಿ, ಸ್ಪ್ಯಾನಿಷ್, ಇಟಾಲಿಯನ್ ಮೊದಲಾದ ಭಾಷೆಗಳಿಗೆ ಹೋಯಿತು. ಕನ್ನಡಕ್ಕೆ ತರುವವರು ಯಾರು? ಸರ್ಕಾರ ಆದೇಶ ಹೊರಡಿಸಲಿ ಎಂದು ಕಾಯಬೇಕೆ?

ಕಾಯದೆ ಕೆಲಸ ಮಾಡಿದವರ ಊರು ನಮ್ಮದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಳ್ಳಿಗರನ್ನು ಕೂಡಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲದ ಲೆಕ್ಕವನ್ನು ರೈತರೇ ಕೂಡಿ ಇಡಬಹುದು ಎಂದು ತೋರಿಸಿದರು. ಇವತ್ತು ಕಡತದ ಲೆಕ್ಕ ಇಡುವ ಸರದಿ ನಿಮ್ಮದು.

ಏನು ಮಾಡಬೇಕು?

ತಿಂಗಳಿಗೊಂದು ಭಾನುವಾರ ಸೇರಿ. ಒಂದು ತಿಂಗಳು ಗದಗ-ಬೆಟಗೇರಿ, ಮುಂದಿನ ತಿಂಗಳು ಲಕ್ಷ್ಮೇಶ್ವರ, ಆಮೇಲೆ ಶಿರಹಟ್ಟಿ, ಮುಂಡರಗಿ. ಗದಗಿನಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಮೊದಲಿನವರಿಗೆ ಕಂಪ್ಯೂಟರು ಗೊತ್ತು, ಎರಡನೆಯವರಿಗೆ ಕಚೇರಿ ಗೊತ್ತು. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತರೆ ಅರ್ಧ ಕೆಲಸ ಆದಂತೆ. ನಿವೃತ್ತ ಶಿರಸ್ತೇದಾರರನ್ನು, ದಲಾಲಿ ಅಂಗಡಿಯ ಹಿರಿಯ ಗುಮಾಸ್ತರನ್ನು ಕರೆದು ಗೌರವದಿಂದ ಕೂರಿಸಿ ಕೇಳಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣ ಅಕ್ಕಂದಿರೇ, ಹಬ್ಬಕ್ಕೆ ಊರಿಗೆ ಬಂದಾಗ ಒಂದು ಮಧ್ಯಾಹ್ನ ಇದಕ್ಕೆ ಕೊಡಿ.

ಮೊದಲ ಪ್ರಶ್ನೆಯನ್ನು ನಾವೇ ಕೊಡುತ್ತೇವೆ. ಲಕ್ಷ್ಮೇಶ್ವರ ಮೊದಲು ಶಿರಹಟ್ಟಿ ತಾಲೂಕಿನಲ್ಲಿತ್ತು. ಹೋರಾಟ ಮಾಡಿ ತನ್ನದೇ ತಾಲೂಕು ಪಡೆಯಿತು. ಕಚೇರಿ ಹತ್ತಿರ ಬಂತು. ಕಡತದ ವೇಗ ಹೆಚ್ಚಿತೇ? ಎರಡೂ ತಾಲೂಕಿನ ಒಂದೇ ಸೇವೆಯ ಲಾಗ್ ಪಕ್ಕಪಕ್ಕ ಇಟ್ಟು ನೋಡಿ. ಐದು ಡಚ್ ಪುರಸಭೆಗಳ ಲಾಗ್ ಹಿಡಿದು ಜಗತ್ತು ಮಾಡಿದ ಹೋಲಿಕೆಯೇ ಇದು. ಉತ್ತರವನ್ನು ಕನ್ನಡದಲ್ಲಿ ಬರೆದು ತಹಶೀಲ್ದಾರರಿಗೂ ಕೊಡಿ, ಊರಿನವರಿಗೂ ಓದಿ ಹೇಳಿ.

ಕನ್ನಡಿಗರಿಗೆ ಕೆಲಸ ಎಂದು ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ ಹೇಳಿತು. 2024ರ ಜುಲೈನಲ್ಲಿ ಮಸೂದೆ ಸಂಪುಟದ ಒಪ್ಪಿಗೆ ಪಡೆದು, ಉದ್ಯಮಿಗಳು ಗದ್ದಲವೆಬ್ಬಿಸಿದೊಡನೆ ತಡೆಗೆ ಬಿತ್ತು. ತಕ್ಕ ಜನ ಸಿಗುವುದಿಲ್ಲ ಎಂಬ ಹಳೆಯ ರಾಗ ನಾವು ಕೇಳಿ ಕೇಳಿ ಸಾಕಾಗಿದೆ. ಹಕ್ಕು ಕೇಳುವುದನ್ನು ಬಿಡಬೇಡಿ. ಜತೆಗೆ ಆ ರಾಗ ಹಾಡುವವರ ಬಾಯಿ ಮುಚ್ಚಿಸುವ ಕಸುಬನ್ನೂ ಕಲಿಯಿರಿ. ಕೆಲಸ ಕೇಳಲು ಹೋದಾಗ ಸರ್ಟಿಫಿಕೇಟಿನ ಜತೆ ಶಿರಹಟ್ಟಿ ತಾಲೂಕಿನ ಒಂದು ನಕ್ಷೆಯನ್ನು ಮೇಜಿನ ಮೇಲಿಟ್ಟು, ಇದನ್ನು ನಾನು ಬಿಡಿಸಿದೆ, ಇದರ ಅರ್ಥ ಹೀಗೆ ಎಂದು ಹೇಳುವ ಎದೆಗಾರಿಕೆ ನಿಮ್ಮದಾಗಲಿ.

ನಾಲ್ಕು ಊರು, ನಾಲ್ಕು ಭಾನುವಾರ. ಕಪಾಟಿನಿಂದ ಆ ಸಕಾಲ ಚೀಟಿ ತೆಗೆಯಿರಿ. ಗೆಳೆಯರಿಬ್ಬರನ್ನು ಕರೆಯಿರಿ. ಬರುವ ಭಾನುವಾರವೇ ಕೂಡಿರಿ!