ಭಂಡಾರಿಯ ಲೆಕ್ಕ

2023ರ ಶ್ರಾವಣದಲ್ಲಿ ಕುಷ್ಟಗಿ ತಾಲೂಕಿನ ಒಂದು ಗ್ರಾಮದಲ್ಲಿ ನಮ್ಮ ಪ್ರವಚನ ನಡೆದಿತ್ತು. ಅಂದಿನ ಪ್ರವಚನ ಮುಗಿದು ಸದ್ಭಕ್ತರೆಲ್ಲ ಪ್ರಸಾದಕ್ಕೆ ತೆರಳಿದ ಮೇಲೂ ಎಪ್ಪತ್ತರ ಆಸುಪಾಸಿನ ತಾಯಿಯೊಬ್ಬರು ಕಂಬದ ಬಳಿ ನಿಂತೇ ಇದ್ದರು. ವಿಭೂತಿಗಾಗಿ ನಿಂತಿರುವರೆಂದು ನಾವು ಬಗೆದೆವು. ಅವರು ಕೈಚೀಲದಿಂದ ಬ್ಯಾಂಕಿನ ಪಾಸ್‌ಪುಸ್ತಕವನ್ನು ತೆಗೆದು ನಮ್ಮ ಮುಂದಿರಿಸಿ, "ಅಜ್ಜಾರ, ಇದನ್ನ ಓದಿ ಹೇಳ್ರಿ" ಎಂದರು.

ಓದಿದೆವು. ಮಕ್ಕಳಿಬ್ಬರು ಗುಳೆ ಹೋಗಿ ಮಂಗಳೂರಿನ ಕಟ್ಟಡಗಳಲ್ಲಿ ದುಡಿದು ಕಳಿಸಿದ ಹಣ ಮತ್ತು ತಾಯಿಯ ವೃದ್ಧಾಪ್ಯ ವೇತನ ಸೇರಿ ಖಾತೆಯಲ್ಲಿ ಇಪ್ಪತ್ತು ಸಾವಿರ ದಾಟಿತ್ತು. ಒಂದೇ ದಿನ ಎರಡು ಸಲಕ್ಕೆ, ಮೊದಲು ಹತ್ತು ಸಾವಿರ, ಆಮೇಲೆ ಒಂಬತ್ತು ಸಾವಿರ, ಆಧಾರ್ ಬೆರಳಚ್ಚಿನ ಮೂಲಕ ಹೊರಹೋಗಿತ್ತು. ಆ ದಿನ ತಾಯಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಶಾಖೆಯಲ್ಲಿ ಪಾಸ್‌ಪುಸ್ತಕ ಮುದ್ರಿಸುವ ಯಂತ್ರ ಕೆಟ್ಟಿದ್ದರಿಂದ ಮೂರು ವಾರ ಕಳೆದ ಬಳಿಕವೇ ಇದು ಗೊತ್ತಾಯಿತು. ಹಣ ಹೋದುದನ್ನು ತಿಳಿಸುವ ಸಂದೇಶ, ಹಿರಿಯ ಮಗ ಎಂದೋ ಬಿಟ್ಟುಬಿಟ್ಟ ಹಳೆಯ ಫೋನ್ ಸಂಖ್ಯೆಗೆ ಹೋಗಿತ್ತು. ಆ ಸಂದೇಶಗಳಿಗೆಂದು ಮೂರು ತಿಂಗಳಿಗೊಮ್ಮೆ ಖಾತೆಯಿಂದ ಶುಲ್ಕವನ್ನಂತೂ ತಪ್ಪದೆ ಕಡಿದುಕೊಂಡಿದ್ದರು.

ಮರುದಿನ ನಾವೂ ಅವರೊಡನೆ ಶಾಖೆಗೆ ಹೋದೆವು. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಒಂದು ಕಿಟಕಿಯಿಂದ ಇನ್ನೊಂದಕ್ಕೆ, ಅಲ್ಲಿಂದ ವ್ಯವಸ್ಥಾಪಕರ ಕೋಣೆಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಯಿತು. "ನಿಮ್ಮದೇ ಬೆರಳಚ್ಚು ಬಿದ್ದಿದೆ ಅಮ್ಮಾ, ನೀವೇ ತೆಗೆದು ಮರೆತಿದ್ದೀರಿ" ಎಂಬುದು ಅವರ ಉತ್ತರ. ಪೊಲೀಸ್ ಠಾಣೆಗೆ ಹೋದರೆ ಬ್ಯಾಂಕಿನ ಪತ್ರ ತರಬೇಕೆಂದರು; ಬ್ಯಾಂಕಿಗೆ ಮರಳಿದರೆ ಠಾಣೆಯ ಕಾಗದ ಬೇಕೆಂದರು. ತಾಯಿ ತಮ್ಮ ಅಂಗೈ ಬಿಚ್ಚಿ ನೋಡಿಕೊಂಡು, "ಹೆಬ್ಬಟ್ಟು ನನ್ನ ಕೈಯಾಗ ಐತ್ರಿ ಅಜ್ಜಾರ, ರೊಕ್ಕ ಹೆಂಗ ಹೋತ್ರಿ?" ಎಂದರು. ಅಷ್ಟೊಂದು ಶಾಸ್ತ್ರ ಓದಿದ ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ನಮ್ಮನ್ನು ಕಾಡಿದುದು ಹಣ ಹೋದ ಸಂಗತಿಯೊಂದೇ ಅಲ್ಲ. ಈ ತಾಯಿಯಂಥವರಿಗೆ "ಹಣವನ್ನು ಮನೆಯಲ್ಲಿಡಬೇಡಿ, ಬ್ಯಾಂಕಿನಲ್ಲಿಡಿ" ಎಂದು ಹೇಳಿದವರು ನಾವೇ. 1976ರಲ್ಲಿ ಬಳ್ಳಾರಿಯನ್ನು ಕೇಂದ್ರವಾಗಿಟ್ಟುಕೊಂಡು ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದವು. ನಾವು ಮಠದಲ್ಲಿ ಪಾಠ ಒಪ್ಪಿಸುವ ವಟುಗಳಾಗಿದ್ದೆವು. ಧಾನ್ಯದ ಹಗೇವಿನ ಪಕ್ಕ ಗಡಿಗೆಯಲ್ಲಿ ಹಣ ಹೂಳುತ್ತಿದ್ದ ಜನರನ್ನು ಖಾತೆ ತೆರೆಯಲು ಒಪ್ಪಿಸುವುದು ಆಗ ಸುಲಭವಿರಲಿಲ್ಲ. ಮಠದ ಹಿರಿಯರು ವೇದಿಕೆಯಿಂದ ಒಂದು ಮಾತು ಹೇಳಿದರೆ ಊರು ಕೇಳುತ್ತಿತ್ತು. 2014ರಲ್ಲಿ ಜನಧನ ಖಾತೆಗಳು ಬಂದಾಗ ಅದೇ ಮಾತನ್ನು ನಾವೂ ಹೇಳಿದೆವು. (ಆ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎನಿಸಿ, 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಸಿಕೊಂಡಿತು. ಹೆಸರು ಬದಲಾದಾಗಲೆಲ್ಲ ಹಳ್ಳಿಯ ಹಿರಿಯರು ತಮ್ಮ ಹಣ ಎಲ್ಲಿದೆಯೆಂದು ಕೇಳುತ್ತಾರೆ. ತಾಯಿಯ ಖಾತೆ ಇದರಲ್ಲಿರಲಿಲ್ಲ.) ನಂಬಿಸಿದವರಿಗೆ ಹೊಣೆಯಿಲ್ಲವೇ?

ಬೆರಳು ಕೈಯಲ್ಲೇ ಇದ್ದು ಹಣ ಹೋಗುವ ಬಗೆ ಹೇಗೆಂಬುದು ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನಾಡಿಗೆಲ್ಲ ತಿಳಿಯಿತು. ಮಂಗಳೂರಿನ ಕಡೆ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ ಹೀಗೆಯೇ ಹಣ ಹೋಗಿತ್ತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ದೊರೆಯುವ ದಸ್ತಾವೇಜಿನ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಒಟ್ಟಿಗೆ ಇರುತ್ತಿದ್ದವು. ಕಳ್ಳರು ಆ ಗುರುತನ್ನು ತೆಗೆದು ಕೃತಕ ಬೆರಳಚ್ಚು ಮಾಡಿ, ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರು ಇಟ್ಟುಕೊಳ್ಳುವಂಥ ಸಣ್ಣ ಯಂತ್ರದ ಮೇಲೆ ಒತ್ತಿದರೆ ಸಾಕಾಗಿತ್ತು. ಈ ಪದ್ಧತಿಗೆ ಗುಪ್ತಸಂಖ್ಯೆ ಬೇಡ, ಫೋನಿಗೆ ಬರುವ ಒ.ಟಿ.ಪಿ. ಬೇಡ. ಓದು ಬಾರದವರಿಗೆ ಅನುಕೂಲವಾಗಲೆಂದೇ ಹಾಗೆ ಮಾಡಿದ್ದು. ಆ ಅನುಕೂಲವೇ ಕಳ್ಳನಿಗೂ ಒದಗಿತು. ಬಳಿಕ ಸರಕಾರ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಚಲು ಮುಂದಾಯಿತು. ನಮ್ಮ ತಾಯಿಯೂ ಹಿಂದಿನ ವರ್ಷ ಮಕ್ಕಳ ಪಾಲುಪತ್ರಕ್ಕೆ ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದ್ದರು. ಅಲ್ಲಿಂದಲೇ ಹೋಯಿತೆಂದು ಸಾಧಿಸಲು ನಮ್ಮ ಬಳಿ ಪುರಾವೆಯಿಲ್ಲ. ಆದರೆ ಪುರಾವೆ ತರಬೇಕಾದವರು ತಾಯಿಯೂ ಅಲ್ಲ, ನಾವೂ ಅಲ್ಲ ಎಂಬುದೇ ಮುಖ್ಯ ಸಂಗತಿ.

ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು ಗಂಗಾವತಿಯ ವಕೀಲ ಭಕ್ತರೊಬ್ಬರು ನಮಗೆ ಓದಿ ವಿವರಿಸಿದರು. ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋದಾಗ, ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂರು ಕೆಲಸದ ದಿನಗಳೊಳಗೆ ದೂರಿದರೆ ಗ್ರಾಹಕನಿಗೆ ನಷ್ಟವೇ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಆತನ ಹೊಣೆಗೆ ಮಿತಿಯುಂಟು. ಮೂಲ ಉಳಿತಾಯ ಖಾತೆಗೆ ಅದು ಐದು ಸಾವಿರ ರೂಪಾಯಿ. ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಹೋದ ಮೊತ್ತವನ್ನು ಖಾತೆಗೆ ಜಮಾ ತೋರಿಸಬೇಕು, ತೊಂಬತ್ತು ದಿನಗಳಲ್ಲಿ ದೂರನ್ನು ತೀರಿಸಬೇಕು. ಗ್ರಾಹಕನೇ ತಪ್ಪಿತಸ್ಥನೆಂದು ಸಾಧಿಸುವ ಭಾರ ಬ್ಯಾಂಕಿನದು. ಇದನ್ನು ಕೇಳಿ ನಮಗೆ ಸಿಟ್ಟೇ ಬಂತು. ಇಷ್ಟು ಒಳ್ಳೆಯ ನಿಯಮವನ್ನು ಕಪಾಟಿನಲ್ಲಿಟ್ಟುಕೊಂಡು "ನೀವೇ ತೆಗೆದು ಮರೆತಿದ್ದೀರಿ" ಎನ್ನಲು ನಾಲಗೆ ಹೇಗೆ ಬಂತು? ಮೂರು ದಿನದ ಎಣಿಕೆಯಾದರೂ ತಿಳಿವಳಿಕೆ ಬಂದಂದಿನಿಂದ. ಸತ್ತ ಫೋನಿಗೆ ಹೋದ ಸಂದೇಶ ತಾಯಿಗೆ ತಲುಪಿತೆನ್ನಬಹುದೇ?

ನಮ್ಮವರ ತಪ್ಪನ್ನೂ ಮುಚ್ಚಿಡಲಾರೆವು. ಯಲಬುರ್ಗಾದ ನಿವೃತ್ತ ಶಿಕ್ಷಕರೊಬ್ಬರು, ಖಾತೆ ಬಂದಾಗುತ್ತದೆಂದು ಬೆದರಿಸಿದ ಅಪರಿಚಿತನಿಗೆ ಫೋನಿನಲ್ಲಿ ಒ.ಟಿ.ಪಿ. ಅಂಕಿಗಳನ್ನು ತಾವೇ ಓದಿ ಹೇಳಿದರು. ಅಂಥಲ್ಲಿ ದೂರು ಕೊಡುವವರೆಗಿನ ನಷ್ಟ ಗ್ರಾಹಕನದೇ. ದೂರಿನ ನಂತರ ಹೋದುದು ಮಾತ್ರ ಬ್ಯಾಂಕಿನದು. ಆದ್ದರಿಂದ ತಡಮಾಡದೆ 1930ಕ್ಕೆ ಕರೆಮಾಡಿ ಎಂದು ಈಗ ಪ್ರವಚನದ ಕೊನೆಯಲ್ಲಿ ಹೇಳುತ್ತಿದ್ದೇವೆ. ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಇದೆ, ಬೇಕೆಂದಾಗ ತೆರೆಯಬಹುದು. ಮನೆಯ ಓದಿದ ಮಕ್ಕಳು ಹಿರಿಯರಿಗೆ ಇದೊಂದನ್ನು ಮಾಡಿಕೊಡಲಿ.

ಬಡವರ ಹಣಕ್ಕಷ್ಟೇ ಈ ಗತಿಯೆಂದು ತಿಳಿಯಬೇಡಿ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 2011ರಲ್ಲಿ ಇಟ್ಟ 25 ಕೋಟಿ ಠೇವಣಿಯಲ್ಲಿ 12 ಕೋಟಿ ಮರಳಿ ಬರಲಿಲ್ಲವೆಂದೂ, ಮಾಲಿನ್ಯ ನಿಯಂತ್ರಣ ಮಂಡಳಿಯ 10 ಕೋಟಿಗೂ ಹಾಗೆಯೇ ಆಯಿತೆಂದೂ ಹೇಳಿ, ರಾಜ್ಯ ಸರಕಾರವೇ 2024ರ ಆಗಸ್ಟ್‌ನಲ್ಲಿ ಎರಡು ದೊಡ್ಡ ಬ್ಯಾಂಕುಗಳ ಖಾತೆ ಮುಚ್ಚಲು ಆದೇಶಿಸಿ, ಆಮೇಲೆ ತಡೆಹಿಡಿಯಿತು. ಸರಕಾರ ಸಿಟ್ಟಾದರೆ ಬ್ಯಾಂಕಿನವರು ಮಾತುಕತೆಗೆ ಬರುತ್ತಾರೆ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕಿನಿಂದ ಜನರು ಅಡವಿಟ್ಟ ಸುಮಾರು 58 ಕಿಲೋ ಚಿನ್ನ ಕಳವಾಯಿತು. ಪೊಲೀಸರು ಬಂಧಿಸಿದವರಲ್ಲಿ ಆ ಶಾಖೆಯ ಹಿಂದಿನ ವ್ಯವಸ್ಥಾಪಕನೂ ಇದ್ದನು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಆರೋಪ!

ಮನಗೂಳಿಯೆಂದೊಡನೆ ನಮ್ಮ ಮನಸ್ಸು ಸಮೀಪದ ಬಾಗೇವಾಡಿಗೆ ಹೋಯಿತು. ಅಣ್ಣನವರೂ ಪರರ ಹಣ ಕಾಯುವ ಕಾಯಕದವರೇ, ಬಿಜ್ಜಳನ ಭಂಡಾರಿಗಳು. ಭಂಡಾರದ ದ್ರವ್ಯ ಜಂಗಮರಿಗೆ ಸಲ್ಲುತ್ತಿದೆಯೆಂದು ಕೊಂಡೆಯ ಹೇಳಿದಾಗ ಅವರು ಅರಸನ ಮುಂದೆ ಲೆಕ್ಕ ಒಪ್ಪಿಸಿದರೆಂದೂ ಒಂದು ಹಾಗವೂ ಕಡಿಮೆ ಬೀಳಲಿಲ್ಲವೆಂದೂ ಪುರಾಣಕಾರರು ಹೇಳುತ್ತಾರೆ. ಲೆಕ್ಕ ಕೇಳಿದವರನ್ನು ಅವರು ಇನ್ನೊಂದು ಕಿಟಕಿಗೆ ಕಳಿಸಲಿಲ್ಲ. ನಮ್ಮ ಸಮಾಜದ ಅದೆಷ್ಟೋ ಮಕ್ಕಳು ಇಂದು ಬ್ಯಾಂಕುಗಳಲ್ಲಿ ಗುಮಾಸ್ತರಾಗಿ, ವ್ಯವಸ್ಥಾಪಕರಾಗಿ ದುಡಿಯುತ್ತಿದ್ದಾರೆ. ಸಿಬ್ಬಂದಿ ಕಡಿಮೆ, ವಿಮೆ ಮಾರಿಸುವ ಒತ್ತಡ ಹೆಚ್ಚು ಎಂಬ ಅವರ ಅಳಲು ನಮಗೆ ತಿಳಿದಿದೆ. ಆದರೂ ಮುಪ್ಪಿನ ತಾಯಿಯೊಬ್ಬರು ಪಾಸ್‌ಪುಸ್ತಕ ಹಿಡಿದು ನಿಂತಾಗ ಕುರ್ಚಿ ತೋರಿಸಲು ಸಿಬ್ಬಂದಿಯ ಕೊರತೆ ಅಡ್ಡಿಯಾಗದು.

ವಕೀಲರ ನೆರವಿನಿಂದ ಸುತ್ತೋಲೆಯ ದಿನಾಂಕವನ್ನು ಕಾಣಿಸಿ ಕನ್ನಡದಲ್ಲಿ ಪತ್ರ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆವು. ಆ ಮೊಹರಿಗಾಗಿಯೇ ಅರ್ಧ ದಿನ ಹಿಡಿಯಿತು. ಮೂವತ್ತು ದಿನ ಕಾದರೂ ಉತ್ತರ ಬರಲಿಲ್ಲ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ದೇಶಕ್ಕೆಲ್ಲ ಒಂದಾಗಿ ಮಾಡಿದ ಓಂಬಡ್ಸ್‌ಮನ್ ವ್ಯವಸ್ಥೆಗೆ ದೂರು ಸಲ್ಲಿಸಿದೆವು. ಆಮೇಲೆ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು, ಪರಿಶೀಲನೆಯಲ್ಲಿದೆ ಎಂದು.

2024ರ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಆ ತಾಯಿ ನಮಗೆ ಮತ್ತೆ ಭೆಟ್ಟಿಯಾದರು. ಮಹಾದಾಸೋಹಕ್ಕೆ ತಮ್ಮೂರಿನ ರೊಟ್ಟಿಯ ಗಂಟುಗಳ ಜೊತೆ ಬಂದಿದ್ದರು. ಹತ್ತು ಸಾವಿರ ಖಾತೆಗೆ ಮರಳಿದೆ, ಒಂಬತ್ತು ಸಾವಿರ ಇನ್ನೂ ಬಂದಿಲ್ಲ ಎಂದರು. ಈಗ ಊರಿನ ಯಂತ್ರಕ್ಕೆ ಬೆರಳು ಒತ್ತುವುದನ್ನು ಬಿಟ್ಟು, ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಕುಷ್ಟಗಿಗೇ ಹೋಗಿ ಚೀಟಿ ಬರೆಸಿ ಹಣ ತರುತ್ತಾರಂತೆ. ಪ್ರತಿ ಸಲವೂ ಪುಸ್ತಕದಲ್ಲಿ ಮುದ್ರೆ ಹಾಕಿಸದೆ ಕಿಟಕಿ ಬಿಟ್ಟು ಕದಲುವುದಿಲ್ಲವಂತೆ. "ಉಳಿದ ಒಂಬತ್ತು ಸಾವಿರದ್ದು ಮತ್ತೊಂದು ಪತ್ರ ಬರೀರಿ ಅಜ್ಜಾರ, ಮೊಹರ ನಾನs ಹಾಕಿಸ್ಕೊಂಡ ಬರ್ತೀನಿ" ಎಂದರು. ಅಲ್ಲಿಯೇ ಕುಳಿತು ಬರೆದುಕೊಟ್ಟೆವು.