ನಾಯಿಯ ರಕ್ತಪರೀಕ್ಷೆ: ಹೃದಯದ ಹುಳುವೋ, ಬೇರೆ ಹುಳುವೋ?

ಜೇವರ್ಗಿ ಸೀಮೆಯ ಕೊಳಕೂರದಂತಹ ಹಳ್ಳಿಗಳಲ್ಲಿ ಹೊಲಕ್ಕೂ ಕುರಿಹಟ್ಟಿಗೂ ನಾಯಿಯೇ ಕಾವಲು. ಅಂಥ ನಾಯಿ ಕೆಮ್ಮತೊಡಗಿ ಸೊರಗಿದಾಗ, ಪಟ್ಟಣದ ವೈದ್ಯರು ಒಂದು ಹನಿ ರಕ್ತವನ್ನು ಪರೀಕ್ಷಾಪಟ್ಟಿಯ ಮೇಲೆ ಹಾಕಿ 'ಹೃದಯದ ಹುಳು' ಎಂದರೆ ಮನೆಯವರು ಕಂಗೆಡುವುದು ಸಹಜ. ಆದರೆ ಚಿಕಿತ್ಸೆಗೆ ಮುಂದಾಗುವ ಮೊದಲು ನಾವು ಒಂದು ಮಾತನ್ನು ವಿಚಾರಿಸಬೇಕು: ಪಟ್ಟಿ ಹೇಳಿದ್ದು ದಿಟವೇ?

ಈ ವಿಚಾರಣೆ ಅತಿಯಾಯಿತೆನ್ನುವಂತಿಲ್ಲ. ದೊಡ್ಡ ಹುಳುಗಳನ್ನು ಕೊಲ್ಲುವ ಮೆಲಾರ್ಸೊಮಿನ್ ಎಂಬ ಔಷಧಿ ಪಾಷಾಣದ ಅಂಶವುಳ್ಳದ್ದು. ಅದನ್ನು ಸೊಂಟದ ಸ್ನಾಯುವಿಗೆ ಚುಚ್ಚಿ, ನಾಯಿಯನ್ನು ವಾರಗಟ್ಟಲೆ ಕಟ್ಟಿಹಾಕಬೇಕಾಗುತ್ತದೆ. ಇಲ್ಲದ ರೋಗಕ್ಕೆ ಇಂಥ ಮದ್ದೇಕೆ?

ಈ ಪಟ್ಟಿ ಹುಡುಕುವುದು ಹೆಣ್ಣುಹುಳು ಸ್ರವಿಸುವ ಒಂದು ಪ್ರೋಟೀನನ್ನು. ಹೋಲುವ ಪ್ರೋಟೀನು ಬೇರೆ ಹುಳುಗಳಲ್ಲಿಯೂ ಇರಬಹುದು. ಸ್ಪೈರೊಸರ್ಕಾ ಲೂಪಿ ಎಂಬ ಹುಳು ಇದ್ದ ನಾಯಿಗಳಲ್ಲಿಯೂ ಪಟ್ಟಿ ಗೆರೆ ತೋರಿಸಿತೆಂದು 2015ರಲ್ಲಿ ಇಸ್ರೇಲಿನ ಸಂಶೋಧಕರು ವರದಿ ಮಾಡಿದರು. ಆ ಹುಳು ನಮಗೆ ಅಪರಿಚಿತವಲ್ಲ. ಸಗಣಿಯ ಜೀರುಂಡೆಯಲ್ಲಿ ಅದರ ಮರಿಯಿರುತ್ತದೆ. ಜೀರುಂಡೆಯನ್ನಾಗಲಿ, ಅದನ್ನು ನುಂಗಿದ ಹಲ್ಲಿಯನ್ನಾಗಲಿ ತಿಂದ ನಾಯಿಯ ಅನ್ನನಾಳದಲ್ಲಿ ಅದು ಗಂಟುಕಟ್ಟುತ್ತದೆ. ತಿಪ್ಪೆಯಿರುವ ಊರಿನಲ್ಲಿ ಜೀರುಂಡೆಗೇನು ಬರ! ಅದರ ಚಿಕಿತ್ಸೆಯೂ ಬೇರೆಯೇ.

ನಮ್ಮ ದೇಶದಲ್ಲಿ ಹೃದಯದ ಹುಳು ಹೆಚ್ಚಾಗಿ ವರದಿಯಾಗಿರುವುದು ಅಸ್ಸಾಂ, ಮಿಜೋರಾಂಗಳ ಕಡೆಯಿಂದ. ರೋಗ ವಿರಳವಿದ್ದಲ್ಲಿ ತಪ್ಪು ಉತ್ತರದ ಪಾಲು ಬೆಳೆಯುತ್ತದೆ. 1000 ನಾಯಿಗಳಲ್ಲಿ 5ಕ್ಕೆ ಮಾತ್ರ ರೋಗವಿದೆ, ಆರೋಗ್ಯವಂತ 100 ನಾಯಿಗಳಲ್ಲಿ ಒಂದಕ್ಕೆ ಪರೀಕ್ಷೆ ತಪ್ಪುತ್ತದೆ ಎಂದು ಊಹಿಸಿಕೊಳ್ಳೋಣ. ಆಗ 'ಇದೆ' ಎನಿಸಿಕೊಂಡ ಸುಮಾರು 15ರಲ್ಲಿ 10 ನಾಯಿಗಳಿಗೆ ರೋಗವೇ ಇರುವುದಿಲ್ಲ.

ಆದುದರಿಂದ ಬೇರೆ ಕಂಪನಿಯ ಪಟ್ಟಿಯಿಂದ ಮತ್ತೊಮ್ಮೆ ನೋಡಿಸಬೇಕು. ರಕ್ತದಲ್ಲಿ ಮರಿಹುಳುಗಳನ್ನು ಹುಡುಕುವ ನಾಟ್ ಪರೀಕ್ಷೆ, ಎದೆಯ ಸ್ಕ್ಯಾನ್, ಮಲಪರೀಕ್ಷೆಗಳನ್ನೂ ಕೇಳಬೇಕು. ಮರಿಹುಳು ಕಂಡ ಮಾತ್ರಕ್ಕೂ ನಿರ್ಧರಿಸಲಾಗದು. ಚರ್ಮದಡಿ ವಾಸಿಸುವ ಡೈರೊಫೈಲೇರಿಯಾ ರೆಪೆನ್ಸ್ ಎಂಬ ಹುಳುವಿನ ಮರಿಗಳೂ ರಕ್ತದಲ್ಲಿಯೇ ಓಡಾಡುತ್ತವೆ. ಅವುಗಳ ಉದ್ದ, ತಲೆ, ಬಾಲಗಳನ್ನು ಅಳೆದು ಭೇದ ತಿಳಿಯುವವರು ಬೇಕು. ನಮ್ಮ ಭಾಗದವರಿಗೆ ಬೀದರಿನ ಪಶುವೈದ್ಯಕೀಯ ಕಾಲೇಜು ತೀರ ದೂರವೇನಲ್ಲ.

ಇನ್ನು, ಆನೆಕಾಲು ರೋಗ ನಾಯಿಯಿಂದ ಬರುವುದೇ ಎಂದು ಕೇಳುವ ತಾಯಂದಿರಿದ್ದಾರೆ. ಇಲ್ಲ. ನಮ್ಮಲ್ಲಿಯ ಆನೆಕಾಲಿನ ಹುಳು ಮನುಷ್ಯನಿಂದ ಮನುಷ್ಯನಿಗೆ ಸೊಳ್ಳೆಯ ಮೂಲಕ ಹೋಗುವಂಥದು. ರೆಪೆನ್ಸ್ ಮಾತ್ರ ಅಪರೂಪಕ್ಕೆ ಸೊಳ್ಳೆಯೊಡನೆ ನಮ್ಮವರೆಗೂ ಬಂದು ಕಣ್ಣಿನಲ್ಲಿ ಕಾಣಿಸಿಕೊಂಡದ್ದುಂಟು. ಕೇರಳ ಹಾಗೂ ಕರಾವಳಿಯ ವೈದ್ಯರು ಅದನ್ನು ಹೊರತೆಗೆದಿದ್ದಾರೆ.